ವೇಷ ಬದಲಿಸದ ವೈರಸ್

ಆ ಯಜಮಾನರಿಗೆ ಐವತ್ತು ದಾಟಿತ್ತು. ನಾಲ್ಕು ವರ್ಷ ಡಯಾಲಿಸಿಸ್, ಆಮೇಲೆ ಕಿಡ್ನಿ ಕಸಿ, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ. ಕಸಿಯಾದ ಒಂದೂವರೆ ವರ್ಷಕ್ಕೆ ಕಣ್ಣು ಹಳದಿಯಾಗಿ, ಮೈಯೆಲ್ಲ ಕೆರೆತ ಹತ್ತಿ ನನ್ನ ಮುಂದೆ ಬಂದು ಕೂತರು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಹೆಂಡತಿಯ ಕೈಯಲ್ಲಿ ಇಟ್ಟಿಗೆ ದಪ್ಪದ ಫೈಲು. ಅದರಲ್ಲಿ ಲಿವರಿಗೆ ಹತ್ತುವ ಹೆಪಟೈಟಿಸ್ ಸಿ ವೈರಸ್ಸಿನ ಆಂಟಿಬಾಡಿ ರಿಪೋರ್ಟು ಏಳು ಇದ್ದವು. ಏಳರಲ್ಲೂ 'ನಾನ್ ರಿಯಾಕ್ಟಿವ್', ಅಂದರೆ ಸೋಂಕಿನ ಸುಳಿವಿಲ್ಲ.

ಅದನ್ನು ನೋಡಿ ನಾನೂ ಪುಟ ತಿರುಗಿಸಿಬಿಟ್ಟೆ. ಮೂರು ದಿನ ಬೇರೆ ಕಾರಣ ಹುಡುಕಿದೆ. ಔಷಧಿಯ ಅಡ್ಡಪರಿಣಾಮ ಇರಬಹುದಾ? ಪಿತ್ತನಾಳದಲ್ಲಿ ಕಲ್ಲಾ? ಯಾರೋ ಕೊಟ್ಟ ಕಾಮಾಲೆ ಸೊಪ್ಪಿನ ರಸ ಕುಡಿದರಾ? ನಾಲ್ಕನೇ ದಿನ, ರಕ್ತದಲ್ಲಿ ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸಿದೆ. ಒಂದು ಮಿಲಿಲೀಟರ್ ರಕ್ತಕ್ಕೆ 3 ಕೋಟಿ ಯೂನಿಟ್‌ಗೂ ಜಾಸ್ತಿ ಹೆಪಟೈಟಿಸ್ ಸಿ ವೈರಸ್ ಇತ್ತು.

ಹೆಂಡತಿ ಕೇಳಿದರು: "ಡಾಕ್ಟ್ರೇ, ಈ ವೈರಸ್ ದಿನಕ್ಕೊಂದು ರೂಪ ತಾಳುತ್ತಂತೆ. ನಮ್ಮ ಮೈದುನ ಮೊಬೈಲಲ್ಲಿ ನೋಡಿ ಹೇಳಿದ. ಅದಕ್ಕೇ ಟೆಸ್ಟಿಗೆ ಸಿಗ್ಲಿಲ್ವಾ? ಅದಕ್ಕೇ ಇವರಿಗೆ ಇಷ್ಟು ಜೋರಾಯ್ತಾ?"

ಮೈದುನ ಹೇಳಿದ್ದು ನಿಜವೇ. ಆದರೆ ಅವರು ಕೇಳಿದ ಎರಡು ಪ್ರಶ್ನೆಗೂ ಉತ್ತರ 'ಅಲ್ಲ'.

ಮೊದಲು ರೂಪ ಬದಲಿಸುವ ಮಾತು. ಹೆಪಟೈಟಿಸ್ ಸಿ ಒಂದು ಆರ್‌ಎನ್‌ಎ ವೈರಸ್. ಅದರ ಇಡೀ ಬರಹ ಸುಮಾರು 9,600 ಅಕ್ಷರದ್ದು. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಾನು ಬರೆದದ್ದನ್ನು ತಿದ್ದಿ ನೋಡುವ ಅಭ್ಯಾಸವೇ ಇಲ್ಲ. ಸೋಂಕಿತರ ಮೈಯಲ್ಲಿ ದಿನಕ್ಕೆ ಸುಮಾರು 1 ಲಕ್ಷ ಕೋಟಿ ವೈರಸ್ ಹುಟ್ಟುತ್ತವೆ. ಅಷ್ಟು ನಕಲು, ತಿದ್ದುವವರು ಯಾರೂ ಇಲ್ಲ ಅಂದರೆ, ಆ 9,600 ಅಕ್ಷರಗಳಲ್ಲಿ ಆಗಬಹುದಾದ ಒಂಟಿ ತಪ್ಪುಗಳೆಲ್ಲ ಒಂದೇ ದಿನದಲ್ಲಿ ಆಗಿಹೋಗುತ್ತವೆ. ಹಾಗಾಗಿ ಒಬ್ಬ ರೋಗಿಯ ರಕ್ತದಲ್ಲಿ ಇರುವುದು ಒಂದು ವೈರಸ್ ಅಲ್ಲ, ಒಂದೇ ಮನೆತನದ, ಸ್ವಲ್ಪ ಸ್ವಲ್ಪ ಬೇರೆ ಮುಖದ ದೊಡ್ಡ ಗುಂಪು. ಇದಕ್ಕೆ ಇನ್ನೂ ಲಸಿಕೆ ಸಿಗದಿರಲು ದೊಡ್ಡ ಕಾರಣ ಇದೇ.

ತಪ್ಪು ಎಲ್ಲ ಕಡೆಯೂ ಆಗುತ್ತದೆ, ಆದರೆ ಉಳಿದುಕೊಳ್ಳುವುದು ಕೆಲವು ಕಡೆ ಮಾತ್ರ. ವೈರಸ್ಸಿನ ಹೊರಕವಚದಲ್ಲಿ ಸುಮಾರು 27 ಅಮೈನೋ ಆಮ್ಲದ ಒಂದು ತುಣುಕಿದೆ. ಆಂಟಿಬಾಡಿಗಳು ಬಂದು ಹಿಡಿಯುವುದು ಅಲ್ಲಿ. ಬದಲಾವಣೆ ಅತಿ ಹೆಚ್ಚು ಕಾಣುವುದೂ ಅಲ್ಲೇ. ಕಳ್ಳ ವೇಷ ಬದಲಿಸುವುದು ಯಾವ ಬೀದಿಯಲ್ಲಿ? ಬೀಟ್ ಪೊಲೀಸರು ಓಡಾಡುವ ಬೀದಿಯಲ್ಲಿ ಅಲ್ವಾ? ಪೊಲೀಸರೇ ಇಲ್ಲದ ಊರಿನಲ್ಲಿ ಅವನು ತನ್ನ ಲುಂಗಿಯಲ್ಲೇ ರಾಜಾರೋಷವಾಗಿ ತಿರುಗುತ್ತಾನೆ.

ಇದು ಬರೀ ಹೋಲಿಕೆಯಲ್ಲ. ಹುಟ್ಟಿನಿಂದಲೇ ಆಂಟಿಬಾಡಿ ತಯಾರಾಗದ ಒಬ್ಬ ರೋಗಿಯ ವೈರಸ್ಸನ್ನು ಎರಡೂವರೆ ವರ್ಷ ಹಿಂಬಾಲಿಸಿದ ವರದಿ 1994ರಲ್ಲಿ ಬಂತು. ಬೇರೆಯವರಲ್ಲಿ ತಿಂಗಳೊಪ್ಪತ್ತಿನಲ್ಲಿ ಬದಲಾಗುವ ಆ ತುಣುಕು ಇವರಲ್ಲಿ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಎಚ್‌ಐವಿ ಇದ್ದು ಸಿಡಿ4 (ರಕ್ಷಣಾ ಕೋಶಗಳ ಎಣಿಕೆ) ತೀರಾ ಇಳಿದವರಲ್ಲೂ ಹಲವು ಸಲ ಹೀಗೇ. ಎಚ್‌ಐವಿ ಔಷಧಿ ಶುರುವಾಗಿ ಸಿಡಿ4 ಏರಿದಾಗ ಹೆಪಟೈಟಿಸ್ ಸಿ ಮತ್ತೆ ವೇಷ ಬದಲಿಸಲು ಶುರು ಮಾಡುತ್ತದೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ನನ್ನ ಮಟ್ಟಿಗೆ ಮಾತ್ರ ಹೀಗೆ ಮತ್ತೆ ವೇಷ ಬದಲಿಸುವುದು ಒಳ್ಳೆಯ ಸುದ್ದಿ, ಪೊಲೀಸರು ಡ್ಯೂಟಿಗೆ ವಾಪಸ್ ಬಂದಿದ್ದಾರೆ ಅಂತ.

ಹಾಗಾದರೆ ಬದಲಾಗದ ವೈರಸ್ಸು ಇಷ್ಟು ಹಾನಿ ಮಾಡುವುದು ಹೇಗೆ? ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ ಲಿವರ್ ಹಾಳಾಗುವುದು ಬಹುಪಾಲು ನಮ್ಮ ರಕ್ಷಣಾ ಕೋಶಗಳಿಂದಲೇ. ಅವು ವೈರಸ್ ಹೊಕ್ಕ ಲಿವರ್ ಕೋಶಗಳನ್ನು ಕೊಲ್ಲುತ್ತಾ ಹೋಗುತ್ತವೆ, ಗಾಯ ಮಾಯುತ್ತಾ ಗಟ್ಟಿಯಾಗುತ್ತದೆ. ಲಿವರ್ ಪೂರ್ತಿ ಗಟ್ಟಿಯಾಗುವ ಸಿರೋಸಿಸ್ ತನಕ ಬರಲು 20-30 ವರ್ಷ ಹಿಡಿಯುತ್ತದೆ. ಆ ಲೆಕ್ಕದಲ್ಲಿ ಶಕ್ತಿ ಕುಂದಿದವರಿಗೆ ಹಾನಿ ಕಡಿಮೆ ಆಗಬೇಕಿತ್ತು. ಆಗುವುದು ಉಲ್ಟಾ. ಈಗಿನ ಮಾತ್ರೆಗಳು ಬರುವ ಮುಂಚೆ, ಹೆಪಟೈಟಿಸ್ ಸಿ ಇದ್ದವರಿಗೆ ಲಿವರ್ ಕಸಿ ಮಾಡಿದರೆ ಹೊಸ ಲಿವರಿಗೂ ಸೋಂಕು ಹತ್ತುತ್ತಿತ್ತು. ಐದರಲ್ಲಿ ಒಬ್ಬರಿಗಾದರೂ 5 ವರ್ಷದೊಳಗೆ ಮತ್ತೆ ಸಿರೋಸಿಸ್. ಎಚ್‌ಐವಿಯೂ ಜೊತೆಗಿದ್ದರೆ ಸಿರೋಸಿಸ್ ಅಪಾಯ ಸುಮಾರು ಮೂರು ಪಟ್ಟು.

ನಮ್ಮ ಯಜಮಾನರ ಬಯಾಪ್ಸಿಯನ್ನು ಪೆಥಾಲಜಿಸ್ಟ್ ಜೊತೆ ಕೂತು ನೋಡಿದೆ. ಕಾಮಾಲೆ ಅಷ್ಟು ಜೋರಾಗಿದ್ದರೂ ಉರಿಯೂತದ ಕೋಶಗಳು ಅಲ್ಲೊಂದು ಇಲ್ಲೊಂದು. ಲಿವರ್ ಕೋಶಗಳು ಮಾತ್ರ ಬಲೂನಿನ ಹಾಗೆ ಊದಿದ್ದವು. ನಡುವೆ ಪಿತ್ತ ಕಟ್ಟಿಕೊಂಡಿತ್ತು, ಎಳೆ ಎಳೆಯಾಗಿ ನಾರು ಬೆಳೆಯುತ್ತಿತ್ತು. ಇಲ್ಲಿ ಕೋಶಗಳನ್ನು ಕೊಲ್ಲುತ್ತಿದ್ದುದು ರಕ್ಷಣಾ ಪಡೆಯಲ್ಲ, ಒಳಗೆ ತುಂಬಿ ತುಳುಕುತ್ತಿದ್ದ ವೈರಸ್ಸೇ. ಕಸಿಯಾದವರಲ್ಲಿ ಅಪರೂಪಕ್ಕೆ ಬರುವ ಈ ರೂಪದಲ್ಲಿ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಆಕಾಶದಲ್ಲಿರುತ್ತದೆ. ವೈರಸ್ಸಿನ ವೈವಿಧ್ಯ ಕಡಿಮೆಯೇ ಇರುತ್ತದೆ ಎಂದು ಹಲವರು ಕಂಡಿದ್ದಾರೆ. ಸುಮ್ನೆ ಬಿಟ್ಟರೆ ತಿಂಗಳುಗಳಲ್ಲಿ ಲಿವರ್ ಕೈಕೊಡುತ್ತದೆ.

ಇನ್ನು ಟೆಸ್ಟಿಗೆ ಯಾಕೆ ಸಿಗಲಿಲ್ಲ ಅನ್ನುವ ಪ್ರಶ್ನೆ. ನಾವು ಮಾಮೂಲಾಗಿ ಮಾಡುವ ಪರೀಕ್ಷೆ ವೈರಸ್ಸನ್ನು ಹುಡುಕುವುದೇ ಇಲ್ಲ. ವೈರಸ್ ವಿರುದ್ಧ ಮೈ ತಯಾರಿಸಿದ ಆಂಟಿಬಾಡಿಯನ್ನು ಹುಡುಕುತ್ತದೆ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಇಲ್ಲ, ಆದ್ದರಿಂದ ಕಳ್ಳತನ ಆಗಿಲ್ಲ ಅಂದ ಹಾಗೆ. ಡಯಾಲಿಸಿಸ್‌ನವರು, ಕಸಿಯಾದವರು, ಸಿಡಿ4 ಇಳಿದವರು, ಇವರಲ್ಲಿ ಕೆಲವರ ಮೈ ಆ ದೂರನ್ನೇ ಬರೆದುಕೊಳ್ಳುವುದಿಲ್ಲ. ಅಲ್ಲಿ ಪಿಸಿಆರ್ ಬೇಕು. ಇನ್ನೊಂದು ಮೋಸ, ಲಿವರ್ ಹಾನಿಯಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಎಂಬ ಕಿಣ್ವದ್ದು. ಡಯಾಲಿಸಿಸ್‌ನವರಲ್ಲಿ ಎಎಲ್‌ಟಿ ಸಹಜವಾಗಿಯೇ ಕೆಳಗಿರುತ್ತದೆ. ಈ ಯಜಮಾನರ ಹಳೇ ರಿಪೋರ್ಟಿನಲ್ಲಿ ಒಂದು ಸಲ 18 ಇದ್ದದ್ದು 39 ಆಗಿತ್ತು. 39 'ನಾರ್ಮಲ್' ಒಳಗೇ ಬರುತ್ತದೆ, ಆದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದೂ ಉತ್ತರ ಗೊತ್ತಾದ ಮೇಲೆಯೇ.

ಜೀನೋಟೈಪ್, ಅಂದರೆ ವೈರಸ್ಸಿನ ತಳಿ, ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಈವರೆಗೆ ಎಂಟು ಗುರುತಿಸಿದ್ದಾರೆ. ಉತ್ತರ ಭಾರತದಲ್ಲಿ ಮೂರನೆಯದೇ ಜಾಸ್ತಿ, ನಮ್ಮ ದಕ್ಷಿಣದಲ್ಲಿ ಒಂದನೆಯದೂ ಸಾಕಷ್ಟಿದೆ. ಮೂರನೆಯದು ಲಿವರಿನಲ್ಲಿ ಕೊಬ್ಬು ಸೇರಿಸುತ್ತದೆ, ಬೇಗ ಗಟ್ಟಿ ಮಾಡುತ್ತದೆ. ಆದರೆ ಈಗಿನ ಮಾತ್ರೆಯಾದ ಸೋಫೋಸ್ಬುವಿರ್-ವೆಲ್ಪಟಾಸ್ವಿರ್ ಎಲ್ಲ ಮುಖ್ಯ ಜೀನೋಟೈಪ್‌ಗಳಿಗೂ ನಡೆಯುವುದರಿಂದ, ಸಿರೋಸಿಸ್ ಇಲ್ಲದವರಲ್ಲಿ ಆ ದುಬಾರಿ ಪರೀಕ್ಷೆಗೆ ಈಗ ನಾನು ಕಾಯುವುದಿಲ್ಲ. ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ಕಿಡ್ನಿ ಕಸಿಯಾದವರಿಗೆ ಅದನ್ನು ಕೊಡಲು ಕೈ ನಡುಗುತ್ತಿತ್ತು. ಕಸಿ ಮಾಡಿದ ಕಿಡ್ನಿಯೇ ತಿರಸ್ಕಾರ ಆಗುವ ಭಯ. ಈಗ ದಿನಕ್ಕೊಂದು ಮಾತ್ರೆ, 12 ವಾರ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧಿ ಉಚಿತವಾಗಿಯೂ ಸಿಗುತ್ತದೆ.

ಶಕ್ತಿ ಕುಂದಿದವರಲ್ಲಿ ತೊಡಕು ಬರುವುದು ವೈರಸ್ಸಿಗಿಂತ ಹೆಚ್ಚಾಗಿ ಮಾತ್ರೆ ಡಬ್ಬಿಯಿಂದ. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಈ ಔಷಧಿಯ ಮಟ್ಟ ಕುಸಿಯುತ್ತದೆ. ಎಚ್‌ಐವಿಯ ಎಫವಿರೆಂಜ್ ಕೂಡ ಹಾಗೇ, ಡೊಲುಟೆಗ್ರಾವಿರ್‌ಗೆ ಆ ತಕರಾರಿಲ್ಲ. ಫಿಟ್ಸ್ ಮಾತ್ರೆ ಕೆಲವು ಆಗದು. ಹೆಪಟೈಟಿಸ್ ಬಿ ಅಡಗಿ ಕೂತಿದೆಯಾ ಎಂದು ಮೊದಲೇ ನೋಡಲೇಬೇಕು. ಸಿ ಹೋಗುವಾಗ ಬಿ ಎದ್ದು ಕೂರುವುದುಂಟು.

ನಮ್ಮ ಯಜಮಾನರ ವಿಷಯದಲ್ಲಿ ಸಿಕ್ಕಿಬಿದ್ದದ್ದು ಗ್ಯಾಸ್ ಮಾತ್ರೆ. ಬೆಳಿಗ್ಗೆ ಎದ್ದ ತಕ್ಷಣ ಪ್ಯಾಂಟೊಪ್ರಜೋಲ್. ಹೊಟ್ಟೆಯಲ್ಲಿ ಆಮ್ಲ ಇಲ್ಲದಿದ್ದರೆ ವೆಲ್ಪಟಾಸ್ವಿರ್ ಸರಿಯಾಗಿ ಕರಗುವುದಿಲ್ಲ.

"ಅದು ಔಷಧಿನಾ ಸಾರ್? ಅದನ್ನ ನಾನು ಲೆಕ್ಕಕ್ಕೇ ಹಿಡೀಲಿಲ್ಲ" ಅಂದರು. ಚೀಟಿಯಲ್ಲಿ ಬರೆಸಿಯೇ ಇರಲಿಲ್ಲ.

ಅದನ್ನು ನಿಲ್ಲಿಸಿ ಶುರು ಮಾಡಿದೆವು. ನಾಲ್ಕನೇ ವಾರಕ್ಕೆ ವೈರಸ್ ಕೆಲವೇ ನೂರಕ್ಕೆ ಇಳಿಯಿತು, ಕಣ್ಣು ತಿಳಿಯಾಯಿತು. ಲಿವರ್ ಚೇತರಿಸಿಕೊಂಡದ್ದೇ ತಡ, ಕಿಡ್ನಿ ತಿರಸ್ಕಾರ ತಡೆಯುವ ಟ್ಯಾಕ್ರೋಲಿಮಸ್ಸನ್ನು ಬೇಗ ಬೇಗ ಕರಗಿಸತೊಡಗಿತು. ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕೆ ಬಂತು. ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿದೆ, ಅದೇ ಸಂಜೆ ಡೋಸ್ ಏರಿಸಿದರು. ಮಾತ್ರೆ ಮುಗಿದು 12 ವಾರಕ್ಕೆ ಮತ್ತೊಂದು ಪಿಸಿಆರ್ ಮಾಡಿಸಿದೆವು. ವೈರಸ್ ಸಿಗಲಿಲ್ಲ. ಹೆಂಡತಿ ಆ ರಿಪೋರ್ಟನ್ನು ಫೈಲಿನ ಮೇಲ್ಗಡೆ ಸೇರಿಸಿ, "ಇನ್ಮೇಲೆ ಆ ಹಳೇ ಟೆಸ್ಟ್ ಮಾಡಿಸೋದು ಬೇಡ ಅಲ್ವಾ?" ಅಂದರು. ಬೇಡ ಅಂದೆ. ಮುಂದೆ ಅನುಮಾನ ಬಂದರೆ ನೇರವಾಗಿ ಪಿಸಿಆರ್ ಎಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ.