ಕೋಲಾರದ ಗಡಸು ನೀರಿನಲ್ಲಿ ಆಫ್ರಿಕನ್ ಸಿಕ್ಲಿಡ್‌ಗಳು: ಸಮುದಾಯ ತೊಟ್ಟಿಯ ಅಧ್ಯಯನ ಟಿಪ್ಪಣಿ

ಕೋಲಾರ ಜಿಲ್ಲೆಯಲ್ಲಿ ಅಲಂಕಾರಿಕ ಮೀನು ಸಾಕಲು ಹೊರಟವರು ಮೊದಲು ದೂರುವುದು ಕೊಳವೆಬಾವಿಯ ನೀರನ್ನು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ, ಸೋಪಿನ ನೊರೆ ಏಳಗೊಡದ ಈ ನೀರಿಗೆ ಅಮೆಜಾನ್ ಕಣಿವೆಯ ಡಿಸ್ಕಸ್, ಕಾರ್ಡಿನಲ್ ಟೆಟ್ರಾಗಳಂತಹ ಮೀನುಗಳು ಒಗ್ಗುವುದು ಕಷ್ಟ. ಪೂರ್ವ ಆಫ್ರಿಕಾದ ಸರೋವರಗಳ ಸಿಕ್ಲಿಡ್ ಎಂಬ ಕುಟುಂಬದ ಮೀನುಗಳಾದರೋ ಕ್ಷಾರೀಯ ನೀರಿನಲ್ಲೇ ವಿಕಾಸಗೊಂಡವು. ಹೀಗಾಗಿ ನೀರನ್ನು ಹೊಂದಿಸುವ ಶ್ರಮ ನಮ್ಮ ಭಾಗದ ಕಲಿಯುವವರಿಗೆ ಬಹುಮಟ್ಟಿಗೆ ಉಳಿಯುತ್ತದೆ; ಆ ಶ್ರಮವನ್ನು ಅಮೋನಿಯಾದ ನಿಯಂತ್ರಣಕ್ಕೂ ಮೀನುಗಳ ಜಗಳಗಂಟತನವನ್ನು ಹತೋಟಿಯಲ್ಲಿಡುವುದಕ್ಕೂ ವಿನಿಯೋಗಿಸಬೇಕು.

ಮಲಾವಿ ಸರೋವರದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಾದರೆ ಕ್ಷಾರೀಯ) ಸುಮಾರು 7.7ರಿಂದ 8.6ರವರೆಗೆ ಇರುತ್ತದೆ, ಟ್ಯಾಂಗನಿಕಾದ್ದು ಇನ್ನೂ ಹೆಚ್ಚು, 9ರ ಆಸುಪಾಸು. ಟ್ಯಾಂಗನಿಕಾ ಸುಮಾರು 1,470 ಮೀಟರ್ ಆಳವಿದ್ದು ಜಗತ್ತಿನ ಎರಡನೆಯ ಅತಿ ಆಳದ ಸರೋವರವಾಗಿದೆ. ಅಷ್ಟು ದೊಡ್ಡ ಜಲರಾಶಿಯಲ್ಲಿ ಉಷ್ಣತೆಯಾಗಲಿ ಪಿಎಚ್ ಆಗಲಿ ಥಟ್ಟನೆ ಏರಿಳಿಯುವುದಿಲ್ಲವಾದ್ದರಿಂದ, ಈ ಮೀನುಗಳಿಗೆ ನಿಖರವಾದ ಅಂಕಿಗಿಂತ ಸ್ಥಿರವಾದ ಅಂಕಿ ಮುಖ್ಯ. ಎರಡೂ ಸರೋವರಗಳ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಬೆರೆಸದಿರುವುದು ಲೇಸು. ಈ ಟಿಪ್ಪಣಿ ಮಲಾವಿಯ ಬಂಡೆವಾಸಿ ಮೀನುಗಳಾದ ಎಂಬೂನಾ ಗುಂಪಿಗೆ ಸೀಮಿತವಾಗಿದೆ.

ನೀರನ್ನು ಪರೀಕ್ಷಿಸುವಾಗ ಟಿಡಿಎಸ್ ಮೀಟರಿನ ಅಂಕಿಯನ್ನೇ ಗಡಸುತನವೆಂದು ತಿಳಿಯಬಾರದು, ಏಕೆಂದರೆ ಅಡುಗೆ ಉಪ್ಪಿನಂಶದಿಂದ ನೈಟ್ರೇಟ್‌ವರೆಗೆ ಕರಗಿರುವ ಎಲ್ಲ ಲವಣಗಳೂ ಆ ಒಂದೇ ಅಂಕಿಯಲ್ಲಿ ಸೇರಿರುತ್ತವೆ. ಪಿಎಚ್, ಗಡಸುತನ (ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ), ಕಾರ್ಬೊನೇಟ್ ಗಡಸುತನ (ಪಿಎಚ್ ಏರಿಳಿಯದಂತೆ ತಡೆಯುವ ಅಂಶ) ಮತ್ತು ನೈಟ್ರೇಟ್‌ಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಆಗತಾನೇ ಮೇಲೆತ್ತಿದ ಕೊಳವೆಬಾವಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿಯೂ ಆಮ್ಲಜನಕ ಕಡಿಮೆಯಾಗಿಯೂ ಇರುವುದರಿಂದ ಅದರ ಪಿಎಚ್ ಕೆಳಮಟ್ಟದಲ್ಲಿ ಕಾಣಿಸುತ್ತದೆ. ಡ್ರಮ್ಮಿನಲ್ಲಿ ತುಂಬಿ ಒಂದು ರಾತ್ರಿ ಏರ್ ಪಂಪಿನಿಂದ ಗಾಳಿಯಾಡಿಸಿದ ಮೇಲೆ ಸಿಗುವ ಅಂಕಿಯೇ ನಿಜವಾದದ್ದು. ಹೊಲತೋಟಗಳ ನಡುವಿನ ಬಾವಿಯಾದರೆ ನೈಟ್ರೇಟ್ ಮೊದಲೇ ಹೆಚ್ಚಿರಬಹುದು. ಆಗ ಎಷ್ಟು ಸಲ ನೀರು ಬದಲಿಸಿದರೂ ತೊಟ್ಟಿಯ ನೈಟ್ರೇಟ್ ಬಾವಿಯ ಮಟ್ಟಕ್ಕಿಂತ ಕೆಳಗಿಳಿಯದು. ನೀರು ಶುದ್ಧವೆಂಬ ಕಾರಣಕ್ಕೆ ಲವಣಗಳನ್ನೆಲ್ಲ ಸೋಸಿ ತೆಗೆದ ಆರ್‌ಒ ನೀರನ್ನಷ್ಟೇ ತುಂಬಿಸುವುದು ಈ ಮೀನುಗಳ ಮಟ್ಟಿಗೆ ಹಣ ಕೊಟ್ಟು ತೊಂದರೆ ಕೊಂಡಂತೆ. ನಗರಸಭೆಯ ನೀರಾದರೆ ಕ್ಲೋರಿನ್ ತೆಗೆಯಬೇಕು.

ಕ್ಷಾರೀಯ ನೀರಿನ ನಿಜವಾದ ಅಪಾಯ ಅಮೋನಿಯಾದಲ್ಲಿದೆ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಅಯಾನಿನ ರೂಪ ಅಷ್ಟಾಗಿ ಹಾನಿಕರವಲ್ಲ; ಅಯಾನೀಕರಣಗೊಳ್ಳದ ರೂಪವು ವಿಷ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇ. 0.6ರಷ್ಟು ಮಾತ್ರ ಈ ವಿಷರೂಪದಲ್ಲಿದ್ದರೆ, ಪಿಎಚ್ 8ಕ್ಕೆ ಏರಿದಾಗ ಅದು ಸುಮಾರು ಶೇ. 5 ಆಗುತ್ತದೆ, 8.5ರಲ್ಲಿ ಶೇ. 15ರ ಸಮೀಪಕ್ಕೆ ಹೋಗುತ್ತದೆ. ಮೃದು ನೀರಿನ ತೊಟ್ಟಿಯಲ್ಲಿ ಕ್ಷಮಿಸಲ್ಪಡುವ ಅಜಾಗರೂಕತೆ ಇಲ್ಲಿ ಮೀನಿನ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಮೀನು ಬಿಡುವ ಮೊದಲು ಫಿಲ್ಟರಿನಲ್ಲಿ, ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಸ್ಪಂಜನ್ನು ತಂದು ಹಾಕಿದರೆ ಈ ಅವಧಿ ತಗ್ಗುತ್ತದೆ. ಕರೆಂಟು ಹೋದಾಗ ಫಿಲ್ಟರ್ ನಿಂತು ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಸಿಗದಂತಾಗುವುದರಿಂದ, ಬ್ಯಾಟರಿಯ ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಒಂದಿರಲೇಬೇಕು.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಸುಮಾರು 250 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದರಲ್ಲಿ ಹಲವು ಜಾತಿಯ ಎಂಬೂನಾಗಳ ಸಮುದಾಯ ಕಟ್ಟಲು ಹೊರಡದಿರುವುದು ಒಳ್ಳೆಯದು. ನೀರಿನ ತೂಕವೇ 250 ಕಿಲೋ ಆಗುವುದರಿಂದ ಸ್ಟ್ಯಾಂಡ್ ಗಟ್ಟಿಯಾಗಿರಬೇಕು. ಬಂಡೆಗಳ ವಿಷಯದಲ್ಲಿ ಕೋಲಾರದವರು ಅದೃಷ್ಟವಂತರು: ನಮ್ಮ ಗ್ರಾನೈಟ್ ಕಲ್ಲು ನೀರಿನ ಗುಣವನ್ನು ಬದಲಿಸುವುದಿಲ್ಲ. ಆದರೆ 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ತ್ಯಾಜ್ಯದ ದಿಬ್ಬಗಳಿಂದ, ಅಂದರೆ ಜನರು ಸಯನೈಡ್ ದಿಬ್ಬವೆನ್ನುವ ಸ್ಥಳದಿಂದ, ಮರಳನ್ನಾಗಲಿ ಕಲ್ಲನ್ನಾಗಲಿ ಎಂದಿಗೂ ತರಬಾರದು. ಎಂಬೂನಾಗಳು ಮರಳನ್ನು ತೋಡುವ ಸ್ವಭಾವದವು. ಮರಳಿನ ಮೇಲೆ ನಿಲ್ಲಿಸಿದ ಕಲ್ಲು ಉರುಳಿ ಗಾಜು ಒಡೆಯಬಹುದಾದ್ದರಿಂದ ಕಲ್ಲನ್ನು ಮೊದಲು ತಳದಲ್ಲಿ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತಲೂ ಮರಳು ಹರಡಬೇಕು. ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕು. ನೀರು 24ರಿಂದ 27 ಡಿಗ್ರಿಯಲ್ಲಿದ್ದರೆ ಸಾಕು.

ಜಾತಿಗಳ ಆಯ್ಕೆಯಲ್ಲಿ ಬಣ್ಣಕ್ಕಿಂತ ಸ್ವಭಾವವನ್ನು ನೋಡಬೇಕು. ಹಳದಿ ಬಣ್ಣದ ಲ್ಯಾಬಿಡೊಕ್ರೋಮಿಸ್ ಸೆರುಲಿಯಸ್, ತುಕ್ಕಿನ ಬಣ್ಣದ ರಸ್ಟಿ ಮತ್ತು ನೇರಳೆ ಮೈಯ ಏಸೀ, ಈ ಮೂರೂ ಎಂಬೂನಾಗಳಲ್ಲಿ ತಕ್ಕಮಟ್ಟಿಗೆ ಸಾಧುಗಳು. ನೋಡಲು ಚೆಂದವೆಂದು ಹೊಸಬರು ತರುವ ಔರಾಟಸ್ ಮಾತ್ರ ಬೆಳೆದ ಮೇಲೆ ಇಡೀ ತೊಟ್ಟಿಯನ್ನೇ ತನ್ನದೆಂದು ಸಾಧಿಸುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿದ್ದರೆ ಗಂಡಿನ ಕಾಟ ಒಂದೇ ಹೆಣ್ಣಿನ ಮೇಲೆ ಬೀಳುವುದಿಲ್ಲ. ಈ ಅಳತೆಯ ತೊಟ್ಟಿಯಲ್ಲಿ ಹದಿನೈದರಿಂದ ಇಪ್ಪತ್ತು ಮೀನುಗಳನ್ನು, ಬೇರೆ ತೊಟ್ಟಿಗಳಿಗಿಂತ ತುಸು ಒತ್ತಾಗಿಯೇ, ಇಡುವ ಪದ್ಧತಿಯಿದೆ. ಸಂಖ್ಯೆ ಹೆಚ್ಚಿದಂತೆ ಯಾವ ಒಂದು ಮೀನೂ ನಿರಂತರ ಗುರಿಯಾಗುವುದಿಲ್ಲವೆಂಬುದು ಇದರ ತರ್ಕ. ಆದರೆ ಈ ಪದ್ಧತಿ ಬಲವಾದ ಫಿಲ್ಟರನ್ನೂ ವಾರಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ನೀರು ಬದಲಿಸುವುದನ್ನೂ ಬೇಡುತ್ತದೆ. ಹೊಸ ಮೀನು ಬಿಡುವಾಗ ಕಲ್ಲುಗಳ ಜೋಡಣೆಯನ್ನು ಬದಲಿಸಿದರೆ ಹಳೆಯ ಗಡಿಗಳು ಅಳಿಸಿ, ಹೊಸದಕ್ಕೂ ಜಾಗ ಸಿಗುತ್ತದೆ.

ಎಂಬೂನಾಗಳು ಬಂಡೆಗೆ ಅಂಟಿದ ಪಾಚಿಯ ಪದರವನ್ನು ಕೆರೆದು ತಿನ್ನುವ, ಉದ್ದ ಕರುಳಿನ ಮೀನುಗಳು. ಸ್ಪಿರುಲಿನಾ ಎಂಬ ಪಾಚಿಯ ಆಹಾರ, ಸಿಪ್ಪೆ ತೆಗೆದ ಬೆಂದ ಬಟಾಣಿ ಇವಕ್ಕೆ ಹಿತ. ಟ್ಯೂಬಿಫೆಕ್ಸ್ ಹುಳುವಿನಂತಹ ಮಾಂಸಾಹಾರ ಹೆಚ್ಚಾದರೆ ಹೊಟ್ಟೆಯುಬ್ಬರದ ರೋಗ ಬರುವ ಸಂಭವವಿದೆ. ಆಹಾರ ಬಿಡುವುದೂ ಬಿಳಿ ದಾರದಂತಹ ಮಲವೂ ಅದರ ಆರಂಭದ ಚಿಹ್ನೆಗಳು.

ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಹೆಚ್ಚುಕಡಿಮೆ ಉಪವಾಸವಿದ್ದು ಮರಿಗಳನ್ನು ಹೊರಬಿಡುತ್ತದೆ. ಬೇರೆ ಬೇರೆ ಜಾತಿಗಳು ಒಟ್ಟಿಗಿದ್ದಾಗ ಸಂಕರವೂ ಆಗುತ್ತದೆ. ಅಂಗಡಿಗಳಲ್ಲಿ ‘ಆಫ್ರಿಕನ್ ಮಿಕ್ಸ್’ ಎಂದು ಮಾರುವವು ಅನೇಕ ವೇಳೆ ಇಂಥವೇ. ಮರಿಗಳು ಮಿಕ್ಕಿದರೆ ಇತರ ಸಾಕಣೆಗಾರರಿಗೆ ಕೊಡಬೇಕು, ಕೆರೆಗೆ ಬಿಡಬಾರದು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನು, ಇದೇ ಕುಟುಂಬದ ಆಫ್ರಿಕನ್ ಸಿಕ್ಲಿಡ್. ಅದು ಕೆರೆಗಳಲ್ಲಿ ಎಷ್ಟು ವ್ಯಾಪಿಸಿತೆಂಬುದನ್ನು ಯಾವ ಬಲೆಗಾರರನ್ನು ಕೇಳಿದರೂ ಹೇಳುತ್ತಾರೆ.