ಟ್ಯೂಬ್‌ಲೈಟ್ ಬದಲಾಯಿತು, ಹೊಲಿಗೆ ಚುರುಕಾಯಿತು

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಟಾರ್ಗೆಟ್ ಮುಟ್ಟದಿದ್ದರೆ ಮೊದಲು ಬೈಸಿಕೊಳ್ಳುವವರು ಟೈಲರ್‌ಗಳು. ಗಮನ ಎಲ್ಲಿದೆ, ಕೈ ಯಾಕೆ ಓಡ್ತಿಲ್ಲ ಅಂತ ಸೂಪರ್‌ವೈಸರ್ ಕೂಗುತ್ತಾರೆ. ತಲೆಯ ಮೇಲೆ ಉರಿಯುವ ಟ್ಯೂಬ್‌ಲೈಟನ್ನು ಯಾರೂ ಬೈಯುವುದಿಲ್ಲ. ಅದಕ್ಕೂ ಒಂದು ಪಾಲು ಸಲ್ಲಬೇಕಿತ್ತು.

ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಮುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಲೆಕ್ಕ ತೆಗೆದು ನೋಡಿದರು. ಪ್ರತಿ ಬ್ಯಾಚಿನ, ಅಂದರೆ ಒಂದು ಸಾಲಿನಲ್ಲಿ ಕೂತು ಹೊಲಿಯುವ ತಂಡದ, ದಿನದಿನದ ಕೆಲಸ ಒಂದು ಕಡೆ, ಆ ದಿನದ ಹವಾಮಾನ ಇನ್ನೊಂದು ಕಡೆ. ಸೆಕೆ ಏರಿದಂತೆ ಕೆಲಸ ಇಳಿಯುತ್ತಿತ್ತು. ಈ ನಡುವೆ ಕಂಪನಿ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿತು. ಆಮೇಲೆ ಸೆಕೆಯ ದಿನಗಳಲ್ಲೂ ಕೆಲಸ ಮೊದಲಿನಷ್ಟು ಬೀಳಲಿಲ್ಲ.

ಯಾಕೆ? ನಮ್ಮ ದೇಹ ಸುಮ್ನೆ ಕೂತಿದ್ದರೂ ಹೆಚ್ಚುಕಮ್ಮಿ ನೂರು ವ್ಯಾಟ್ ಬಲ್ಬಿನಷ್ಟು ಶಾಖ ಬಿಡುತ್ತದೆ. ಕೈಕಾಲು ಆಡಿಸಿದರೆ ಇನ್ನೂ ಜಾಸ್ತಿ. ಅದು ಹೊರಗೆ ಹೋಗದಿದ್ದರೆ 37 ಡಿಗ್ರಿಯಲ್ಲಿ ಇರಬೇಕಾದ ಮೈ ಕಾಯತೊಡಗುತ್ತದೆ. ಬೆವರು ಆರುವಾಗ ಆ ಶಾಖವನ್ನು ಹೊತ್ತೊಯ್ಯುತ್ತದೆ. ಗಮನಿಸಿ, ತಂಪು ಮಾಡುವುದು ಬೆವರು ಸುರಿಯುವುದಲ್ಲ, ಆರುವುದು. ನೂರಾರು ಜನ ಒತ್ತಾಗಿ ಕೂತ ಹಾಲ್‌ನಲ್ಲಿ, ಪಕ್ಕದಲ್ಲೇ ಇಸ್ತ್ರಿಯ ಹಬೆಯೂ ಇದ್ದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಬೆವರು ಆರದೆ ಬರೀ ತೊಟ್ಟಿಕ್ಕುತ್ತದೆ. ಮೈ ತಣಿಸಲು ಹೃದಯ ಹೆಚ್ಚು ರಕ್ತವನ್ನು ಚರ್ಮದತ್ತ ತಳ್ಳಬೇಕಾಗುತ್ತದೆ. ಸುಸ್ತು ಬೇಗ ಬರುತ್ತದೆ, ಕಣ್ಣು ತಪ್ಪುತ್ತದೆ, ಹೊಲಿಗೆ ಓರೆಯಾಗುತ್ತದೆ.

ಇದರ ಮೇಲೆ ದೀಪದ ಶಾಖ. ಸಾಮಾನ್ಯವಾಗಿ ಹಳೇ ಉದ್ದ ಟ್ಯೂಬ್‌ಲೈಟ್ 40 ವ್ಯಾಟ್, ಅದರ ಚೋಕ್ ಕುಡಿಯುವುದು ಬೇರೆ. ಎಲ್‌ಇಡಿಗೆ ಅದರ ಅರ್ಧ ಸಾಕು. ದೀಪ ಕುಡಿದ ಕರೆಂಟೆಲ್ಲ, ಬೆಳಕಾಗಿ ಹೊರಟದ್ದೂ ಸೇರಿ, ಕೊನೆಗೆ ಬಹುಪಾಲು ಕೋಣೆಯೊಳಗೇ ಶಾಖವಾಗಿ ಉಳಿಯುತ್ತದೆ. ಇಂಥ ನೂರಾರು ದೀಪಗಳನ್ನು ಲೆಕ್ಕ ಹಾಕಿ.

ಕಂಪನಿಗೆ ಕರೆಂಟ್ ಬಿಲ್ಲಿನಲ್ಲಿ ಉಳಿದದ್ದಕ್ಕಿಂತ ಹೊಲಿಗೆಯಲ್ಲಿ ಸಿಕ್ಕ ಲಾಭವೇ ಜಾಸ್ತಿ. ಅದನ್ನೂ ಲೆಕ್ಕಕ್ಕೆ ಹಿಡಿದಾಗ, ಎಲ್‌ಇಡಿಗೆ ಹಾಕಿದ ದುಡ್ಡು ವಾಪಸಾಗಲು ಹಿಡಿಯುವ ಕಾಲ ಆರನೇ ಒಂದು ಭಾಗಕ್ಕೆ ಇಳಿಯಿತು. ಅಂದರೆ ಅಷ್ಟು ವರ್ಷ ಟೈಲರ್‌ಗಳು ಪಟ್ಟ ಸಂಕಟ ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ. ಕೊನೆಗೂ ಅದು ಕಂಡದ್ದು ಲಾಭದ ಕಾಲಂನಲ್ಲಿ!

ಸೆಕೆ ಒಂದೇ ಕಾರಣ ಅಲ್ಲ. ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಒಂದು ವಿಷಯ ತೋರಿಸಿದರು. ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಮನಸ್ಸು ಕುಗ್ಗುವುದಿಲ್ಲ. ಕೆಲಸ ಜಾಸ್ತಿ, ಅದನ್ನು ಹೇಗೆ ಮಾಡಬೇಕೆಂಬ ಅಧಿಕಾರ ಮಾತ್ರ ಕಡಿಮೆ ಎಂಬಂತಿದ್ದರೆ ಆಗ ಕುಗ್ಗುತ್ತದೆ. ಗಾರ್ಮೆಂಟ್ಸ್ ಬ್ಯಾಚ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಗಂಟೆಗೆ ಎಷ್ಟು ಪೀಸ್ ಎಂದು ಬೇರೆಯವರು ನಿರ್ಧರಿಸುತ್ತಾರೆ. ಎದ್ದು ಹೋದರೆ ಮುಂದಿನ ಮಷೀನಿಗೆ ಪೀಸ್ ಹೋಗುವುದಿಲ್ಲ. ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ನೀರೇ ಕುಡಿಯದ ಹೆಂಗಸರಿದ್ದಾರೆ. ಮೈ ಬೆವರುವ ಜಾಗದಲ್ಲಿ ನೀರು ಕುಡಿಯದೆ ಇರುವುದೆಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

2016ರ ಏಪ್ರಿಲ್‌ನಲ್ಲಿ ಈ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಈ ಮಷೀನಿನ ಮುಂದೆ 58ರವರೆಗೆ ಯಾರು ಕೂರುತ್ತಾರೆ? ಅದನ್ನು ಅವರನ್ನು ಕೇಳಿದವರಿಲ್ಲ. ನಿಯಮ ವಾಪಸಾಯಿತು.

ಕೇಳಿದರೆ ಏನಾಗುತ್ತದೆ ಎಂಬುದನ್ನೂ ಅಧ್ವರ್ಯು, ನೈಷಧಂ ಮತ್ತು ತೆರೇಸಾ ಮೊಲಿನಾ ಪರೀಕ್ಷೆ ಮಾಡಿದ್ದಾರೆ. ನಮ್ಮ ದೇಶದ ಗಾರ್ಮೆಂಟ್ಸ್‌ನಲ್ಲೇ, ಸಂಬಳ ಅಂದುಕೊಂಡಷ್ಟು ಏರದೆ ಜನ ಬೇಸತ್ತಿದ್ದಾಗ, ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ ಅಭಿಪ್ರಾಯ ಕೇಳಿದರು. ಹೀಗೆ ಅಭಿಪ್ರಾಯ ಹೇಳಿದವರಲ್ಲಿ ಕೆಲಸ ಬಿಡುವುದು, ರಜೆ ಹಾಕುವುದು ಕಡಿಮೆಯಾಯಿತು. ತುಂಬಾ ಬೇಸತ್ತವರಲ್ಲೇ ಇದರ ಪರಿಣಾಮ ಹೆಚ್ಚು.

ಇದನ್ನು ಓದಿ ನನಗೆ ಖುಷಿಯ ಜೊತೆ ಸ್ವಲ್ಪ ಕಸಿವಿಸಿಯೂ ಆಯಿತು. ಪ್ರಶ್ನೆ ಕೇಳುವುದು ಸಂಬಳ ಏರಿಸುವುದಕ್ಕಿಂತ ಎಷ್ಟೋ ಅಗ್ಗ. ನೀರು, ಶೌಚಾಲಯ, ಫ್ಯಾನ್ ಅಂತ ಬರೆದುಕೊಟ್ಟ ಮೇಲೂ ಯಾವುದೂ ಬದಲಾಗದಿದ್ದರೆ, ಮುಂದಿನ ಸಲ ಆ ಹಾಳೆ ತುಂಬಲು ಯಾರಾದರೂ ಯಾಕೆ ಪೆನ್ ಎತ್ತಿಕೊಳ್ಳಬೇಕು?