ಎಸಿ 18ಕ್ಕಿಟ್ಟರೂ ರೂಮು ಯಾಕೆ ತಂಪಾಗಲ್ಲ?

ಪ್ರಶ್ನೆ: ನಮ್ಮದು ರಾಯಚೂರು. ಮನೆಯಲ್ಲಿ ಒಂದೂವರೆ ಟನ್ ಎಸಿ ಇದೆ. ಬೇಸಿಗೆಯಲ್ಲಿ 18ಕ್ಕಿಟ್ಟರೂ ರೂಮು ತಂಪಾಗಲ್ಲ, ಬಿಲ್ ಮಾತ್ರ ಜಾಸ್ತಿ ಬರುತ್ತದೆ. ಹೊಸ ಎಸಿ ತಗೋಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ರಿಮೋಟ್ ಹಿಡಿದು 25ಕ್ಕೆ ಇಡಿ. 18 ಅಂದರೆ ‘ಬೇಗ ತಂಪು ಮಾಡು’ ಅಂತಲ್ಲ, ‘18 ಆಗೋವರೆಗೂ ನಿಲ್ಲಬೇಡ’ ಅಂತ. ಹೊರಗೆ 42 ಡಿಗ್ರಿ ಇರುವಾಗ ಅದು ಆಗುವ ಮಾತಾ? ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್ ತಿನ್ನುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಅನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಜೊತೆಗೆ ಫ್ಯಾನ್ ಸಣ್ಣಗೆ ಹಾಕಿ. ಮೈಗೆ ಗಾಳಿ ತಾಗಿದರೆ 25 ಸೆಕೆ ಅನಿಸುವುದಿಲ್ಲ.

ಆದರೆ ನಮ್ಮ ಕಡೆ ಅಸಲಿ ಶತ್ರು ಮಾಳಿಗೆ. ರಾತ್ರಿ ಹನ್ನೊಂದಕ್ಕೆ ಸ್ಟೂಲ್ ಹತ್ತಿ ಸೀಲಿಂಗಿಗೆ ಕೈ ಇಟ್ಟು ನೋಡಿ (ಫ್ಯಾನ್ ಆಫ್ ಮಾಡಿ, ಮತ್ತೆ!). ಇನ್ನೂ ಬಿಸಿ ಇರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿ ಒಳಗೆ ಬಿಡುತ್ತದೆ. ನಿಮ್ಮ ಎಸಿ ತಂಪು ಮಾಡುತ್ತಿರುವುದು ರೂಮನ್ನಲ್ಲ, ಆ ಸ್ಲ್ಯಾಬನ್ನು. ಮಾರ್ಚ್ ಹೊತ್ತಿಗೇ ಮಾಳಿಗೆಗೆ ಬಿಳಿ ಸುಣ್ಣ ಹೊಡೆಸಿ. ಮಳೆಗೆ ತೊಳೆದು ಹೋಗುತ್ತದೆ ನಿಜ, ಆದರೆ ಖರ್ಚು ಕಡಿಮೆ. ಕೈಯಲ್ಲಿ ದುಡ್ಡಿದ್ದರೆ ಬಿಸಿಲನ್ನು ವಾಪಸ್ ತಳ್ಳುವ ಕೂಲ್ ರೂಫ್ ಪೇಂಟ್. ಪಡುವಣ ಕಿಟಕಿಗೆ ಒಳಗೆ ಪರದೆ ಹಾಕಿದರೆ ಅಷ್ಟಕ್ಕಷ್ಟೇ, ಬಿಸಿಲು ಆಗಲೇ ಗಾಜು ದಾಟಿರುತ್ತದೆ. ಹೊರಗಡೆ ಚಾಪೆ ಇಳಿಬಿಡಿ.

ಮುಂದಿನದು ಧೂಳು. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಿರಿ, ಐದು ನಿಮಿಷದ ಕೆಲಸ. ಹೊರಗಿನ ಯೂನಿಟ್ಟನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಬಳ್ಳಾರಿ ಕಡೆ ಅದಿರಿನ ಕೆಂಪು ಧೂಳು, ಜಿನ್ನಿಂಗ್ ಮಿಲ್ ಪಕ್ಕದಲ್ಲಿದ್ದರೆ ಹತ್ತಿಯ ನಾರು ಅದಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ರೂಮಿನ ಬಿಸಿಯನ್ನು ಅದು ಹೊರಗೆ ಚೆಲ್ಲುವುದು ಹೇಗೆ? ಮಂಗಗಳ ಕಾಟಕ್ಕೆ ನಾವು ಅದಕ್ಕೊಂದು ತಗಡಿನ ಪೆಟ್ಟಿಗೆ ಮಾಡಿಸಿದ್ದೆವು. ತಾನೇ ಬಿಟ್ಟ ಬಿಸಿಗಾಳಿಯನ್ನು ಪಾಪ, ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಪೆಟ್ಟಿಗೆ ತೆಗೆಸಿ ದೊಡ್ಡ ಕಂಡಿಯ ಜಾಲರಿ ಹಾಕಿಸಿದೆವು.

ಏಪ್ರಿಲ್‌ನ ಒಣ ಬಿಸಿಲಿಗೆ ಹಗಲು ಕೂಲರ್ ಸಾಕು. ಎರಡನ್ನೂ ಒಟ್ಟಿಗೆ ಹಾಕಬೇಡಿ. ಕೂಲರ್ ತುಂಬಿದ ತೇವವನ್ನು ತೆಗೆಯಲು ಎಸಿ ಸುಮ್ನೆ ದುಡಿಯಬೇಕಾಗುತ್ತದೆ.

ಇಷ್ಟಾದ ಮೇಲೂ ಹೊಸದು ಬೇಕೆನಿಸಿದರೆ ಇನ್ವರ್ಟರ್ ಎಸಿ ತಗೊಳ್ಳಿ (ಬ್ಯಾಟರಿ ಇನ್ವರ್ಟರ್ ಅಲ್ಲ, ಕಂಪ್ರೆಸರನ್ನು ಬೇಕಾದಷ್ಟೇ ವೇಗದಲ್ಲಿ ಓಡಿಸುವ ಎಸಿ). ಕರೆಂಟ್ ಉಳಿತಾಯದ ಸ್ಟಾರ್ ಎಣಿಸುವಾಗ ಸ್ಟಿಕ್ಕರ್ ಮೇಲಿನ ವರ್ಷವನ್ನೂ ನೋಡಿ. 2022ರ ಜುಲೈನಲ್ಲಿ ನಿಯಮ ಬಿಗಿಯಾದಾಗ, ಅಲ್ಲಿಯವರೆಗಿನ 5 ಸ್ಟಾರ್ ಎಸಿ 4 ಸ್ಟಾರಿಗೆ ಇಳಿದಿತ್ತು.